ಸದ್ದಿಲ್ಲದ ಅರಿಶಿನ ಶಾಸ್ತ್ರ

ಹುಲಿಕೆರೆ
11-2-2025

ನನ್ನ ಜೊತೆಗಾತಿ ರುಕ್ಮಿಣಿಗೆ,

ಹುಲಿಕೆರೆಯಲ್ಲಿ ನಾನು, ನನ್ನ ಮಂಡಿನೋವು ಇಬ್ಬರೂ ಚೆನ್ನಾಗಿದ್ದೇವೆ. ಅರಸೀಕೆರೆಯಲ್ಲಿ ನೀನೂ ನಿನ್ನ ಮಗಳು ಮಂಜುಳಾನೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಕಾಗದ ಬರೆದು ತಿಂಗಳಾಯಿತು, ಕೋಪ ಮಾಡಿಕೊಳ್ಳಬೇಡ ಕಣೇ. ಫೋನ್ ಮಾಡೋಣವೆಂದರೆ, ನಿನ್ನ ಗಂಟಲಿನ ಆಪರೇಷನ್ ಆದಮೇಲೆ ನಾನೊಬ್ಬಳೇ ಬಡಬಡಿಸಬೇಕು. ಆ ಕಡೆಯಿಂದ ನಿನ್ನ ಉಸಿರು ಮಾತ್ರ ಕೇಳುತ್ತದೆ. ನನ್ನ ಕೈಲಿ ಅದನ್ನು ತಡೆದುಕೊಳ್ಳಲಾಗುವುದಿಲ್ಲ.

ಊರಿನ ಸಮಾಚಾರ ಕೇಳಿದರೆ ನಗುತ್ತೀಯ. ಹುಲಿಕೆರೆಯ ಹೆಂಗಸರು ಏಳು ಗಂಟೆಯ ಸೀರಿಯಲ್ ಬಿಟ್ಟಿದ್ದಾರೆ! ಕಾರಣ ನಿನ್ನ ಮೊಮ್ಮಗಳು ದಿವ್ಯಾ. ಅವಳ ಅರಿಶಿನ ಶಾಸ್ತ್ರದ ದಿನ ನೆನಪಿದೆಯಲ್ಲ? ನಾನು ಎತ್ತಿದ ಸೊಲ್ಲನ್ನು ನೀನು ಹಿಡಿಯದೆ ಸೋಬಾನೆ ಹೇಳಲು ನನಗೆ ಬಾಯಿಯೇ ಬರಲಿಲ್ಲ. ಆಗ ಆ ಹುಡುಗಿ ನಾವಿಬ್ಬರು ಹಾಡಿದ ಹಳೇ ಕ್ಯಾಸೆಟ್ ಹಾಕಿಸಿದಳು. ನಿನ್ನ ದನಿ ಹೊರಟಿದ್ದೇ ತಡ, ನೀನು ಚಪ್ಪಾಳೆ ತಟ್ಟುತ್ತಾ ತುಟಿ ಆಡಿಸಿದೆ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

ದಿವ್ಯಾ ಆ ಶಾಸ್ತ್ರದ ವಿಡಿಯೋವನ್ನು ಇಂಟರ್ನೆಟ್ಟಿಗೆ ಹಾಕಿದಳು. ಮೂರೇ ದಿನಕ್ಕೆ ಅದರ ಸದ್ದು ಅಡಗಿತು. ಹಾಡಿನ ಹಕ್ಕು ಕಂಪನಿಯದಂತೆ. ನಮ್ಮ ಹಾಡು ತುಂಬಿಸಿಕೊಂಡಿದ್ದ ಕ್ಯಾಸೆಟ್ ಅಂಗಡಿಯನ್ನು ಒಂದು ದೊಡ್ಡ ಟಿವಿ ಕಂಪನಿ ಕೊಂಡುಕೊಂಡಿದೆಯಂತೆ. ಈಗ ನೋಡಿದರೆ ನೀನು ಚಪ್ಪಾಳೆ ತಟ್ಟುತ್ತೀ, ತುಟಿ ಆಡಿಸುತ್ತೀ, ಏನೂ ಕೇಳಿಸುವುದಿಲ್ಲ. ನಮ್ಮಜ್ಜಿಯರು ರಾಗಿ ಬೀಸುತ್ತಾ ಹೇಳಿದ ಪದ ಅವರ ಸ್ವತ್ತು ಹೇಗಾಯಿತು ಹೇಳು! ಆ ಸೀರಿಯಲ್ಲೂ ಅದೇ ಕಂಪನಿಯದು. ಪಕ್ಕದ ಮನೆ ಅರುಣಾ, "ನಮ್ ಬಾಯಿ ಮುಚ್ಚಿಸ್ದೋರ ಸೀರಿಯಲ್ಲು ನಮ್ಗ್ಯಾಕಕ್ಕ?" ಅಂದಳು. ಅವತ್ತೇ ಶುರುವಾಯಿತು.

ಕೇಬಲ್ ಮಧುಕುಮಾರ್ ಕಂಗಾಲಾದ. "ಹನುಮಕ್ಕ, ಇನ್ನೊಂದ್ ವಾರ ತಡೀರಿ, ಆ ದೊಡ್ಡ ಸೊಸೆ ಬಣ್ಣ ಬಯಲಾಗೋದೈತೆ" ಅಂತ ಗೋಗರೆದ. "ಅವ್ಳ ಬಣ್ಣ ನಮ್ಗೆ ಗೊತ್ತೈತೆ, ನೀನು ಚಾನಲ್ ತೆಗಿ" ಅಂದೆ. ನಮ್ಮೂರಾಯಿತು, ಹಳೇಬೀಡಾಯಿತು, ಬಸ್ತಿಹಳ್ಳಿಯವರೂ ತೆಗೆಸಿದರು. ಎಲ್ಲಕ್ಕೂ ನಾನೇ ಮುಂದಾಳು. ಅಂಗನವಾಡಿ ಕೆಲಸ ಬಿಟ್ಟಮೇಲೆ ನನ್ನ ಮಾತನ್ನು ಇಷ್ಟು ಜನ ಕೇಳಿರಲಿಲ್ಲ.

ಹೋದ ವಾರ ಕಂಪನಿಯವನೊಬ್ಬ ಕಾರಿನಲ್ಲಿ ಬಂದ. ಒಳ್ಳೆಯ ಮಾತಿನವನು. ಊರ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಎಳನೀರು ಕುಡಿದು, ಹಳೆಯ ಕರಾರಿನ ನಕಲು ತೋರಿಸಿದ. ಅದರಲ್ಲಿ ನನ್ನ ರುಜು, ಕೆಳಗೆ ನಿನ್ನದು. ನಾನು ಓದದೆ ರುಜು ಹಾಕಿದ್ದನ್ನು ಮೊದಲೇ ಎಲ್ಲರಿಗೂ ಹೇಳಿದ್ದೆ. ಆದರೆ ದಿವ್ಯಾ, "ನಮ್ಮಜ್ಜಿ ಯಾವ ಕಾಗದಕ್ಕೂ ರುಜು ಹಾಕಿಲ್ಲ" ಅಂತ ಇಲ್ಲಿಗೆ ಬಂದು ಮನೆಮನೆಗೂ ಹೇಳಿ ಹೋಗಿದ್ದಳು. ಅರುಣಾ ಮುಖ ಸಣ್ಣದಾಯಿತು. "ರುಕ್ಮಿಣಮ್ನೋರೇ ಬರ್ಕೊಟ್ಟವ್ರಲ್ಲ ಅಕ್ಕ, ಇನ್ ನಾವ್ ಯಾರಿಗೋಸ್ಕರ ಬಿಡಾದು?" ಅಂದಳು. ಆ ಸಂಜೆಯೇ ನಾಲ್ಕು ಮನೆಯಲ್ಲಿ ಸೀರಿಯಲ್ ಮತ್ತೆ ಶುರುವಾಯಿತು.

ನಿಮ್ಮೂರಿನ ವಕೀಲ ಜಯದೇವಪ್ಪನವರನ್ನು ಕಂಡು ಬಂದೆ. "ಎರಡನೇ ರುಜು ರುಕ್ಮಿಣಮ್ಮನವರದಲ್ಲ ಅಂತಾದ್ರೆ, ಅವ್ರ ದನಿ ಮೇಲೆ ನಿಮಗೆಲ್ಲಿದೆ ಹಕ್ಕು ಅಂತ ಕಂಪನೀನ ಕೇಳಬಹುದು. ಅವ್ರದೇ ಆದ್ರೆ ಕಷ್ಟ ಕಣಮ್ಮ" ಅಂದರು. ಬರುವ ಭಾನುವಾರ ನಿನ್ನನ್ನೇ ಕೇಳಲು ಮನೆಗೆ ಬರುತ್ತಾರೆ.

ನಿನ್ನೆ ಮಂಜುಳಾ ಫೋನ್ ಮಾಡಿದ್ದಳು. ರುಜುವಿನ ವಿಷಯ ಕೇಳಿದರೆ ನೀನು ಸ್ಲೇಟಿನ ಮೇಲೆ "ಹಾಕಿದ್ದೆನೇನೋ, ಮರೆತುಹೋಗಿದೆ" ಅಂತ ಬರೆದು ಒರೆಸಿಬಿಟ್ಟೆಯಂತೆ. ಆಮೇಲೆ ಊಟಕ್ಕೇ ಏಳಲಿಲ್ಲವಂತೆ. ಹಾಗೆ ಮಾಡಬೇಡ. ಗಂಜಿಯನ್ನಾದರೂ ಕುಡಿ, ತಣ್ಣಗಿನದು ಮುಟ್ಟಬೇಡ.

ದಿವ್ಯಾಗೂ ಅವಳ ಗಂಡನಿಗೂ ನನ್ನ ಆಶೀರ್ವಾದ. ಅವರ ಮನೆ ತುಂಬಿರಲಿ. ನಿನ್ನನ್ನು ಆ ದೇವರು ನೋಡಿಕೊಳ್ಳಲಿ.

ನಿನ್ನ
ಹನುಮಮ್ಮ

ಮರೆತು ಬಿಟ್ಟಿದ್ದಲ್ಲ, ಬೇಕೆಂದೇ ಬಿಟ್ಟಿದ್ದು: ಕಾಗದ ಮಡಚಿಟ್ಟವಳು ಮತ್ತೆ ಬಿಚ್ಚಿದ್ದೇನೆ. ರುಕ್ಮಿಣಿ, ಆ ಎರಡನೇ ರುಜು ಹಾಕಿದವಳು ನಾನು. ಹಾಡು ತುಂಬಿಸಿದ ಮಾರನೇ ದಿನ ಅವರು ಕಾಗದ ತಂದಾಗ ನೀನು ಮಂಜುಳಾಗೆ ಗಂಡು ನೋಡಲು ಬಾಣಾವರಕ್ಕೆ ಹೋಗಿದ್ದೆ. ಇಬ್ಬರದೂ ರುಜು ಇದ್ದರೇ ಹಾಡಿದ್ದಕ್ಕೆ ಒಪ್ಪಿದ್ದ ಸೀರೆ ಕೊಡುವುದು ಅಂದರು. ಅಂಗನವಾಡಿ ರಿಜಿಸ್ಟರಿನಲ್ಲಿ ಬಾರದ ತಾಯಂದಿರ ರುಜು ಹಾಕಿ ಹಾಕಿ ನನ್ನ ಕೈ ಪಳಗಿತ್ತು. ನಿನ್ನದನ್ನೂ ಹಾಗೇ ಹಾಕಿದೆ. ಆ ಹಸಿರು ಸೀರೆಯನ್ನೇ ನೀನು ಮಂಜುಳಾ ಮದುವೆಯಲ್ಲಿ ಉಟ್ಟಿದ್ದು. ಕಂಪನಿಯವನು ನಕಲು ತೋರಿಸಿದಾಗಲೂ ಸುಮ್ಮನಿದ್ದೆ. ಮುಂದಾಳು ಅನ್ನಿಸಿಕೊಳ್ಳುವ ಆಸೆ ನನ್ನ ಬಾಯಿ ಕಟ್ಟಿತು. ನೀನು ಏನನ್ನೂ ಮರೆತಿಲ್ಲ ಕಣೇ. ಭಾನುವಾರ ನಾನೂ ಅಲ್ಲಿರುತ್ತೇನೆ, ಅರುಣಾಳನ್ನೂ ಕರೆತರುತ್ತೇನೆ. ಇಷ್ಟು ವರ್ಷ ನಾನು ಎತ್ತಿದ ಸೊಲ್ಲನ್ನು ನೀನು ಹಿಡಿದೆ. ಈ ಸಲ ನೀನು ಮೊದಲು. ನನ್ನ ಮುಖ ನೋಡದೆ ಸ್ಲೇಟಿನ ಮೇಲೆ "ಇದು ನನ್ನದಲ್ಲ" ಅಂತ ಬರಿ. ಯಾರದ್ದು ಅನ್ನುವುದನ್ನು ಎಲ್ಲರ ಮುಂದೆ ನಾನು ಹೇಳುತ್ತೇನೆ.