ನಿಮ್ಮವರು ನೋಡಿದರು

ಮಾರ್ಚ್ ೧೭, ಭಾನುವಾರ

ನನ್ನ ಮುದ್ದಿನ ಅಕ್ಕನಿಗೆ,

ನಿನ್ನ ಬುಗುರಿಯ ನಮಸ್ಕಾರ, ಜೊತೆಗೊಂದು ದೊಡ್ಡ ಅಪ್ಪುಗೆ. ಅಪ್ಪ ಚೆನ್ನಾಗಿದ್ದಾರೆ, ನಾನೂ ಇದ್ದೇನೆ. ಕಾಗದ ತಡವಾಯಿತು. ಕೆಲಸ ಜಾಸ್ತಿ ಇತ್ತು ಅಂತ ಬರೆದರೆ ಸುಳ್ಳಾಗುತ್ತದೆ. ಬರೆದು ಬರೆದು ಹರಿದೆ, ಯಾಕೆಂದರೆ ಕೋಪದಲ್ಲಿದ್ದೆ. ಈಗ ಕೋಪ ಇಳಿದಿದೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಅಷ್ಟರಲ್ಲಿ ನಿನ್ನ ವಾರ್ಡಿನಲ್ಲಿ ಯಾರೋ "ಸಿಸ್ಟರ್" ಅಂತ ಕೂಗುತ್ತಾರೆ, ನೀನು "ಆಮೇಲೆ ಮಾಡ್ತೀನಿ ಕಣೇ" ಅನ್ನುತ್ತೀಯ, ನಾನು ಅರ್ಧ ಮಾತು ಬಾಯಲ್ಲಿಟ್ಟುಕೊಂಡು ನಿಲ್ಲುತ್ತೇನೆ. ಕಾಗದವನ್ನಾದರೆ ಯಾರೂ ನಡುವೆ ಕರೆಯುವುದಿಲ್ಲ.

ಮೊದಲು ಸಿಹಿ ಸುದ್ದಿ. ಮೊನ್ನೆ ಅಪ್ಪ ಕತ್ತರಿ ಹಿಡಿದರು! ಬಟ್ಟೆ ಕತ್ತರಿಸುವ ದೊಡ್ಡದಲ್ಲ, ದಾರ ಕತ್ತರಿಸುವ ಪುಟ್ಟದು. ಬಲಗೈಯಲ್ಲೇ. ಕೈ ನಡುಗಿತು, ಕತ್ತರಿ ಜಾರಿತು, ಮತ್ತೆ ಹಿಡಿದರು. ನನ್ನ ತೋಳಿನ ಅಂಚಿನಲ್ಲಿ ನೇತಾಡುತ್ತಿದ್ದ ದಾರವನ್ನು ಕಚಕ್ಕನೆ ಕತ್ತರಿಸಿ, "ಇದನ್ನ ಜೋತಾಡಿಸ್ಕೊಂಡು ಊರೆಲ್ಲ ಸುತ್ತಿದ್ದೀಯಲ್ಲ, ದರ್ಜಿ ಮಗಳು ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗಲ್ವಾ?" ಎಂದು ನನ್ನನ್ನೇ ಬೈದರು. ಪಾರ್ಶ್ವವಾಯು ಬಡಿದ ದಿನ ಆ ಕೈ ಒಗೆದು ಬಿಸಾಡಿದ ಬಟ್ಟೆಯ ಹಾಗೆ ಬಿದ್ದಿದ್ದನ್ನು ನೀನೂ ನೋಡಿದ್ದೀಯ. ನಾನು ಬೈಸಿಕೊಂಡು ಅತ್ತೆ. ಅಪ್ಪ ಅದಕ್ಕೂ ಬೈದರು.

ನನ್ನ ಕೆಲಸದ ಬಗ್ಗೆ ನೀನು ಕೇಳುತ್ತಿರುತ್ತೀಯ, ನಾನು ಸರಿಯಾಗಿ ಹೇಳಿದ್ದೇ ಇಲ್ಲ. ಶಾಲೆ ಬಿಟ್ಟವಳನ್ನು ಕಂಪ್ಯೂಟರ್ ಕಂಪನಿ ಯಾಕೆ ಇಟ್ಟುಕೊಂಡಿದೆ ಅಂತ ನಿನಗೆ ಅನುಮಾನ ಇರಬಹುದು. ನನಗೂ ಇದೆ. ಅಪ್ಪನಂಥ ರೋಗಿಗಳಿಗಾಗಿ ನಾವು ಮಣಿಕಟ್ಟಿಗೆ ಕಟ್ಟುವ ಪಟ್ಟಿ ಮಾಡುತ್ತೇವಲ್ಲ, ಅದನ್ನು ಮನೆಮನೆಗೆ ಹೋಗಿ ಕಟ್ಟಿ, ವ್ಯಾಯಾಮ ತೋರಿಸಿ, ಯಾರಾದರೂ ಬಿಟ್ಟರೆ ಯಾಕೆ ಬಿಟ್ಟಿರಿ ಅಂತ ಕೇಳಿಕೊಂಡು ಬರುವುದು ನನ್ನ ಪಾಲು. ಒಂದು ಕಡೆ ಕೂರಲಾರದವಳಿಗೆ ಹೇಳಿ ಮಾಡಿಸಿದ ಕೆಲಸ.

ಮೊದಲು ಅದರಲ್ಲಿ ನಕ್ಷತ್ರಗಳಿದ್ದವು. ಕೈ ಆಡಿಸಿದಷ್ಟೂ ನಕ್ಷತ್ರ, ವಾರಕ್ಕೊಮ್ಮೆ ಇಡೀ ಊರಿಗೆ ಮೊದಲ ಸ್ಥಾನ ಯಾರಿಗೆ ಅಂತ ಪ್ರಕಟಣೆ. ಅಪ್ಪ, "ನಾನೇನು ಒಂದನೇ ಕ್ಲಾಸಾ?" ಅಂತ ಪಟ್ಟಿ ಬಿಚ್ಚಿ ಕಿಟಕಿಯ ಮೇಲಿಟ್ಟಿದ್ದರು. ಆದರೆ ಡ್ರಾಯಿಂಗ್ ಮೇಷ್ಟ್ರೊಬ್ಬರು ವಾರ ವಾರವೂ ಗೆಲ್ಲುತ್ತಿದ್ದರು. ಅಭಿನಂದಿಸಲು ಹೋದೆ. ಮೇಷ್ಟ್ರು ಆರಾಮಾಗಿ ಮಲಗಿದ್ದರು, ಪಟ್ಟಿ ಅವರ ನಾಯಿಯ ಬಾಲಕ್ಕೆ ಕಟ್ಟಿತ್ತು. "ಬಹುಮಾನ ಕೊಡಬೇಕು ಅಂದ್ರೆ ಅವನಿಗೇ ಕೊಡಮ್ಮ, ಕಷ್ಟಪಟ್ಟಿದ್ದಾನೆ" ಅಂದರು.

ಆಫೀಸಿನಲ್ಲಿ ಇದನ್ನು ಹೇಳಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು, ಮೇಡಂ ಒಬ್ಬರನ್ನು ಬಿಟ್ಟು. ಯಾವ ಗುಂಡಿ ಎಲ್ಲಿರಬೇಕು, ಏನು ತೋರಿಸಿದರೆ ಜನ ಕೈ ಎತ್ತುತ್ತಾರೆ ಎಂದು ಯೋಚಿಸುವುದು ಅವರ ಕೆಲಸ. ನಕ್ಷತ್ರ ತೆಗೆದು ಹಸಿರು ದೀಪ ತಂದವರು ಅವರೇ. ಅದು ನಿನಗೆ ಗೊತ್ತು. ರಜೆಗೆ ಬಂದಾಗ ಅಪ್ಪನ ಕೈಗೆ ಹೊಸ ಪಟ್ಟಿ ಕಟ್ಟಿ, ನಿನ್ನ ಫೋನಿಗೆ ಜೋಡಿಸಿಕೊಂಡು, "ನೀವು ಮಾಡಿ ಅಪ್ಪ, ನಾನು ಅಲ್ಲಿಂದಲೇ ನೋಡ್ತಿರ್ತೀನಿ" ಅಂದವಳು ನೀನೇ ಅಲ್ಲವೇ? ಬೆಳಿಗ್ಗೆ ಅಪ್ಪ ವ್ಯಾಯಾಮ ಮುಗಿಸಿದರೆ ಪಟ್ಟಿಯಲ್ಲಿ ದೀಪ ಹತ್ತುತ್ತಿತ್ತು. ಅಪ್ಪನ ಫೋನಿನಲ್ಲಿ 'ನಿಮ್ಮವರು ನೋಡಿದರು' ಎಂದು ಬರುತ್ತಿತ್ತು. ಅಂದಿನಿಂದ ಅಪ್ಪ ಒಂದು ದಿನವೂ ತಪ್ಪಿಸಲಿಲ್ಲ. ಆ ಕತ್ತರಿ ಹಿಡಿದ ಕೈ ಬಂದದ್ದು ಹೀಗೆ.

ಈಗ ಕಹಿ ಹೇಳಬೇಕು.

ಬಸ್ ಕಂಡಕ್ಟರ್ ಆಗಿದ್ದ ಅಜ್ಜಿಯೊಬ್ಬರ ಮನೆಗೆ ಹೋಗಿದ್ದೆ. ಪಟ್ಟಿ ಬಿಚ್ಚಿಟ್ಟಿದ್ದರು. "ಯಾಕಜ್ಜಿ ಬಿಟ್ರಿ?" ಅಂದೆ. ಅವರು ನನ್ನನ್ನು ಕೂರಿಸಿ ಕೇಳಿದರು, "ನಮ್ಮವರು ನೋಡಿದರು ಅಂತ ದಿನಾ ಬರುತ್ತಲ್ಲ, ನನ್ನ ಪಾಲಿಗೆ ನೋಡೋದು ಯಾರು?" ನಾನು ಅಜ್ಜಿಯ ಫೋನು ತೆರೆದು ನೋಡಿ, "ನಿಮ್ಮ ಯಜಮಾನರ ಫೋನಿಗೆ ಜೋಡಿಸಿದೆ" ಅಂದೆ. "ಅವರು ಹೋಗಿ ಎರಡು ತಿಂಗಳಾಯ್ತು ಮಗಾ. ಫೋನು ಬೀರುವಿನಲ್ಲಿ ಆರಿ ಬಿದ್ದಿದೆ. ನಿನ್ನೆ ಬೆಳಿಗ್ಗೇನೂ ದೀಪ ಹತ್ತಿತು."

ಅಕ್ಕ, ನಾನು ಅಲ್ಲಿಂದ ಎದ್ದುಬಿಟ್ಟೆ. ನೆಟ್ಟಗೆ ಆಫೀಸಿಗೆ ಹೋಗಿ ಮೇಡಂ ಮೇಜಿನ ಮುಂದೆ ನಿಂತೆ. ಅವರು ಮುಚ್ಚಿಡಲಿಲ್ಲ. ಯಾರು ನೋಡಲಿ ಬಿಡಲಿ, ವ್ಯಾಯಾಮ ಮುಗಿದರೆ ದೀಪ ತಾನಾಗಿ ಹತ್ತುತ್ತದೆ.

"ಇದು ಮೋಸ" ಅಂದೆ.

"ಮೋಸದಿಂದ ಯಾರದ್ದು ಏನು ಹೋಯ್ತು? ಕೈ ಬಂತಲ್ಲ. ಅದು ಸುಳ್ಳಾ?"

"ನಾನು ಮನೆಮನೆಗೆ ಹೋಗಿ ಹೇಳ್ತೀನಿ."

"ಹೇಳು. ಆಮೇಲೆ ಅವರೆಲ್ಲ ಕೈ ಬಿಟ್ಟು ಕೂತರೆ, ಒಬ್ಬೊಬ್ಬರ ಕೈಯನ್ನೂ ನೀನು ಎತ್ತಿಸ್ತೀಯಾ? ಮೊದಲು ನಿಮ್ಮಪ್ಪನ ಕೈ ನೆನಪಿಸ್ಕೋ."

ಮೇಡಂ ಕೆಟ್ಟವರಲ್ಲ ಅಕ್ಕ, ಕೆಟ್ಟವರಾಗಿದ್ದರೆ ಬೈದು ಹಗುರಾಗುತ್ತಿದ್ದೆ. ಆದರೆ ನಾನೂ ಹಟ ಬಿಡಲಿಲ್ಲ. ಮರುದಿನ ಅವರನ್ನು ಕಂಡಕ್ಟರ್ ಅಜ್ಜಿಯ ಮನೆಗೆ ಎಳೆದುಕೊಂಡು ಹೋದೆ. ಅಜ್ಜಿ ಟೀ ಕೊಟ್ಟು, "ಬದುಕಿದ್ದಾಗ ನನ್ನ ಕಡೆ ತಿರುಗಿ ನೋಡದ ಮನುಷ್ಯ, ಸತ್ತ ಮೇಲೆ ದಿನಾ ನೋಡ್ತಿದ್ದಾನೆ ಅಂದ್ರೆ ಹೇಗಮ್ಮ ನಂಬಲಿ?" ಅಂದರು. ಮೇಡಂ ನಕ್ಕುಬಿಟ್ಟರು. ಅಜ್ಜಿ ನಗಲಿಲ್ಲ. "ಆದರೂ ನಂಬಿದ್ದೆ. ಅದಕ್ಕೇ ಈಗ ಕೈ ಎತ್ತೋಕೆ ಮನಸ್ಸು ಬರ್ತಿಲ್ಲ" ಅಂದರು. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತಾ ಮೇಡಂ, "ನೀನು ತುಂಬಾ ತಲೆನೋವು ಕಣೇ" ಅಂದರು. ಈಗ ಮಾಲೀಕರ ಹತ್ತಿರ ಜಗಳ ಆಡಿ ಬದಲಾಯಿಸಿದ್ದಾರೆ. ನಾಳೆ ಬಿಟ್ಟು ಮುಂದಿನ ಸೋಮವಾರದಿಂದ ಯಾರಾದರೂ ನಿಜವಾಗಿ ನೋಡಿದರೆ ಮಾತ್ರ ದೀಪ.

ನಾನು ಗೆದ್ದೆ. ಗೆದ್ದು ಮನೆಗೆ ಬಂದರೆ ಅಪ್ಪ ವ್ಯಾಯಾಮಕ್ಕೆಂದು ಗೋಡೆಯ ಮೇಲೆ ಬೆರಳು ಹತ್ತಿಸುತ್ತಾ, "ನಿಮ್ಮಕ್ಕ ನೋಡಿದಳಾ?" ಅಂದರು.

ಅಕ್ಕ, ನೀನು ನೋಡಿಲ್ಲ. ಆಫೀಸಿನ ಕಂಪ್ಯೂಟರಿನಲ್ಲಿ ತೆಗೆಸಿ ನೋಡಿದೆ, ನೋಡಬಾರದಿತ್ತೇನೋ. ಹೋದ ವಾರವಿಡೀ ನನಗೆ ಕೋಪ ಬಂದದ್ದು ಅದಕ್ಕೇ. ರಜೆ ಮುಗಿಸಿ ಹೋದ ಹೊಸತರಲ್ಲಿ ನೋಡಿದ್ದೀಯ, ಆಮೇಲೆ ಇಲ್ಲ. ದಿನವಿಡೀ ಬೇರೆಯವರ ಅಪ್ಪಂದಿರನ್ನು ಎಬ್ಬಿಸಿ, ಕೂರಿಸಿ, ಕೈಕಾಲು ಆಡಿಸುವವಳು ನೀನು. ಕೋಣೆಗೆ ಬಂದು ಶೂ ಬಿಚ್ಚಿದ ಮೇಲೆ ಫೋನಿನಲ್ಲಿ ಇನ್ನೊಂದು ಸೋತ ಕೈ ನೋಡಲು ನಿನಗೆ ಆಗದಿದ್ದರೆ ಅದು ಪ್ರೀತಿ ಕಡಿಮೆಯಾದದ್ದಲ್ಲ. ಅಮ್ಮ ಹೋದ ಮೇಲೆ ನನ್ನ ತಲೆ ಬಾಚಿ, ಹೋಂವರ್ಕ್ ಬರೆಸಲು ಹೆಣಗಿ, ನಾನು ಶಾಲೆ ಬಿಟ್ಟಾಗ ಅಪ್ಪನ ಹೊಡೆತಕ್ಕೆ ಅಡ್ಡ ನಿಂತವಳು ನೀನು. ನಿನ್ನ ಪ್ರೀತಿಯನ್ನು ನಾನು ದೀಪದಿಂದ ಅಳೆಯುವುದಿಲ್ಲ.

ನೋಡು ಅಂತ ನಿನ್ನನ್ನು ಕೇಳಬಾರದು ಅಂದುಕೊಂಡಿದ್ದೆ. ಸುಳ್ಳು ಯಾಕೆ, ಕೇಳುತ್ತಿದ್ದೇನೆ. ಸೋಮವಾರ ದೀಪ ಹತ್ತದಿದ್ದರೆ ಅಪ್ಪ ಕೈ ಬಿಟ್ಟುಬಿಡುತ್ತಾರೆ ಅಂತ ನನಗೆ ಭಯ. ನಿನ್ನಿಂದಾದರೆ ನೋಡು. ಆಗದಿದ್ದರೆ ಆಗುವುದಿಲ್ಲ ಅಂತ ಒಂದು ಸಾಲು ಬರೆ. ಅಪ್ಪನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳುವ ಕೆಲಸ ನನ್ನದು.

ಹೊತ್ತಿಗೆ ಸರಿಯಾಗಿ ಊಟ ಮಾಡು, ನಿಂತುಕೊಂಡೇ ತಿನ್ನಬೇಡ. ನಿನ್ನ ಬೆನ್ನು ನೋವು ಹೇಗಿದೆ? ನನ್ನಷ್ಟು ತಲೆನೋವು ಕೊಡುವ ರೋಗಿ ಯಾರೂ ನಿನಗೆ ಸಿಗದಿರಲಿ. ಅಪ್ಪ ನಿನಗೆ ಆಶೀರ್ವಾದ ಹೇಳಿದ್ದಾರೆ, ನೂರು ವರ್ಷ ಬಾಳಬೇಕಂತೆ, ಅದರಲ್ಲಿ ಕೆಲವು ದಿನ ಇಲ್ಲಿ ಬಂದು ಬಾಳಬೇಕಂತೆ.

ನಿನ್ನ
ಬುಗುರಿ

ತಾ.ಕ.: ಕಾಗದ ಮಡಚಿದವಳು ಮತ್ತೆ ಬಿಡಿಸಿದೆ. ನಿನ್ನ ಉತ್ತರ ಬರುವವರೆಗೆ ಕಾಯಲು ನನ್ನಿಂದ ಆಗಲಿಲ್ಲ, ಅಪ್ಪನಿಗೆ ಹೇಳಿಬಿಟ್ಟೆ.

"ಗೊತ್ತು" ಅಂದರು. ಮೊದಲ ವಾರದಿಂದಲೂ ಗೊತ್ತಂತೆ. "ಕೈ ಇಳಿಸೋದರೊಳಗೆ ಹತ್ತಿಬಿಡುತ್ತೆ. ಅಷ್ಟು ಬೇಗ ಬರೋಳಾ ನಿಮ್ಮಕ್ಕ? ಊಟಕ್ಕೆ ಕರೆದ್ರೆ ಎಲ್ಲ ಆರಿ ತಣ್ಣಗಾದ ಮೇಲೆ ಬರ್ತಿದ್ದಳು."

"ಮತ್ತೆ ದಿನಾ ಯಾಕೆ ಎತ್ತುತ್ತಿದ್ರಿ? ಯಾಕೆ ನನ್ನ ಕೇಳುತ್ತಿದ್ರಿ?"

ಅಪ್ಪ ಪಟ್ಟಿಯನ್ನು ಎಡಗೈಯಲ್ಲಿ ತಿರುಗಿಸುತ್ತಾ ಕೂತರು. ಆಮೇಲೆ ಹೇಳಿದರು, "ದೀಪ ಹತ್ತಿದ ತಕ್ಷಣ ನೀನು 'ಅಕ್ಕ ನೋಡಿದಳು, ಅಕ್ಕ ನೋಡಿದಳು' ಅಂತ ಕುಣೀತಿದ್ದೆ. ಅವಳು ಹೋದ ಮೇಲೆ ನೀನು ಹಾಗೆ ನಗೋದು ಅದೊಂದೇ ಹೊತ್ತು ಕಣೇ. ಒಂದು ಕೈ ಎತ್ತಿದ್ರೆ ಅದು ಸಿಗುತ್ತೆ ಅಂದ್ರೆ ಎತ್ತದೆ ಇರ್ತೀನಾ?"

ಅಪ್ಪ ಸೋಮವಾರವೂ ಕೈ ಎತ್ತುತ್ತಾರಂತೆ. ಆ ಚಿಂತೆ ನಿನಗೆ ಬೇಡ. ಆದರೆ ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಾಯಿತು, ಅದನ್ನು ತಿದ್ದದೆ ಅಂಚೆಗೆ ಹಾಕಲಾರೆ. ಅಪ್ಪನಿಗಾಗಿ ನೋಡು ಅಂತ ಕೇಳಿದೆ. ನನಗಾಗಿ, ಅಕ್ಕ.