ಸಂತನ ಅರ್ಧ ಮುಖ

ಪೋರ್ಟ್ ಕ್ರೆಡಿಟ್
ಸೆಪ್ಟೆಂಬರ್ ೨೧, ೨೦೨೪

ಮುದ್ದು ಮಾಲವಿಕಾ,

ಫೋನಿನಲ್ಲಿ ಅಪ್ಪನ ಹೆಸರೆತ್ತಿದರೆ ಸಾಕು, ನೀನು ಮಾತು ಬದಲಿಸುತ್ತೀಯ. ಕಾಗದದ ಹತ್ತಿರ ಆ ಉಪಾಯ ನಡೆಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಶನಿವಾರದ ಕನ್ನಡ ಕ್ಲಾಸಿಗೆ ಅತ್ತುಕೊಂಡು ಹೋಗುತ್ತಿದ್ದೆಯಲ್ಲ, ಅದು ಇವತ್ತು ನನ್ನ ಉಪಯೋಗಕ್ಕೆ ಬರಲಿ.

ಸರ್ಬಿಯಾದಲ್ಲಿ ನಮ್ಮ ಅಳಿಯ ಮಿಲೋಶನ ಹಳ್ಳಿಯ ಆ ಹಾಳುಬಿದ್ದ ಚರ್ಚು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಚಾವಣಿಯಿಲ್ಲ, ಒಳಗೆಲ್ಲ ಹುಲ್ಲು, ಉಳಿದ ಒಂದೇ ಗೋಡೆಯ ಮೇಲೆ ಆರುನೂರು ವರ್ಷದ ಹಿಂದೆ ಬರೆದ ಸಂತನ ಮುಖ. ಅದರ ಮುಂದೆಯೇ ಮದುವೆಯಾಗುತ್ತೇವೆ ಎಂದು ನೀವಿಬ್ಬರೂ ಹಟ ಹಿಡಿದಿರಿ. ಅಪ್ಪ ಬೆಳೆದ ಕಾರ್ಕಳದ ಕಡೆ ಗುಡಿ ಹಾಳುಬಿದ್ದರೆ ಮೊದಲು ಜೀರ್ಣೋದ್ಧಾರ, ಆಮೇಲೆ ಶುಭಕಾರ್ಯ. ಆ ಗೋಡೆಯ ಬಿರುಕು ನೋಡಿ ಅವರಿಗೆ ಸುಮ್ಮನಿರಲು ಆಗಲಿಲ್ಲ. ಮದುವೆಗೆ ಮೊದಲು ತಾವೇ ಸಿಮೆಂಟು ಕಲಸಿ ಎಲ್ಲವನ್ನೂ ಮುಚ್ಚಿದರು. ನಿನ್ನ ಅತ್ತೆ ರದ್ಮಿಲಾ ಕಾಫಿ ತಂದುಕೊಟ್ಟು ಬೆನ್ನು ತಟ್ಟಿದ್ದರು.

ಹಳೆಯ ಸುಣ್ಣದ ಗೋಡೆ ಉಸಿರಾಡಬೇಕು, ಸಿಮೆಂಟು ನೀರನ್ನು ಒಳಗೇ ಹಿಡಿದಿಡುತ್ತದೆ ಎನ್ನುವುದು ಈಗ ನಮ್ಮೆಲ್ಲರಿಗೂ ಬಾಯಿಪಾಠ. ಮೊದಲ ಚಳಿಗಾಲಕ್ಕೇ ಸಂತನ ಅರ್ಧ ಮುಖ ಉದುರಿತು. ಜೀವಮಾನವಿಡೀ ಸೇತುವೆ ಕಟ್ಟಿದ ಇಂಜಿನಿಯರಿಗೆ ಇಷ್ಟೂ ಗೊತ್ತಿಲ್ಲವೇ ಎಂದು ನೀನು ಕೇಳಿದೆ. ಗೊತ್ತಿರಲಿಲ್ಲ ಕಣೇ, ಅವರಿಗೆ ಕಾಂಕ್ರೀಟು ಗೊತ್ತು. ನಾವು ನೋಡಲು ಬಂದಾಗ ನೀನು “ಡ್ಯಾಡ್, ಇನ್ನು ಏನನ್ನೂ ಮುಟ್ಟಬೇಡಿ, ಜಸ್ಟ್ ಗೋ ಹೋಮ್” ಅಂದೆ. ಅಪ್ಪ ಹೊರಟು ಬಂದುಬಿಟ್ಟರು.

ಈಗ ನಮ್ಮ ಬೇಸ್‌ಮೆಂಟು ನೋಡಬೇಕು ನೀನು. ಬಕೆಟ್ಟುಗಳಲ್ಲಿ ಸುಣ್ಣ ನೆನೆಯುತ್ತಿದೆ. ವಾನ್ ಎಂಬ ಊರಿನಲ್ಲಿ ಹಳೆ ಕಟ್ಟಡ ರಿಪೇರಿ ಮಾಡುವವರೊಬ್ಬರ ಹತ್ತಿರ ಅಪ್ಪ ಈ ವಯಸ್ಸಿನಲ್ಲಿ ಗಾರೆ ಕೆಲಸ ಕಲಿಯುತ್ತಿದ್ದಾರೆ. ಅವರ ಪಶ್ಚಾತ್ತಾಪಕ್ಕೆ ನನ್ನ ಲಾಂಡ್ರಿಯ ಜಾಗವೇ ಬೇಕಿತ್ತು! ಕೈಯೆಲ್ಲ ಒಡೆದಿದೆ. ಕೊಬ್ಬರಿ ಎಣ್ಣೆ ಹಚ್ಚಲು ಹೋದರೆ ಇರಲಿ ಬಿಡು ಮಾರಾಯ್ತಿ ಎನ್ನುತ್ತಾರೆ.

ಸಿಮೆಂಟು ಹಾಗೇ ಇದ್ದರೆ ಉಳಿದರ್ಧ ಮುಖವೂ ಈ ಚಳಿಗಾಲ ದಾಟುವುದಿಲ್ಲವಂತೆ. ಹಿಮ ಬೀಳುವ ಮೊದಲು ಆ ಸಿಮೆಂಟನ್ನು ಕೆತ್ತಿ ತೆಗೆಯಬೇಕು. ನೀವು ಕರೆಸುವ ತಜ್ಞರ ಕೈಕೆಳಗೆ ನೀರು ಹೊರುವ ಕೆಲಸ ಸಿಕ್ಕರೂ ಸಾಕು ಎನ್ನುತ್ತಾರೆ ಅಪ್ಪ. ಆದರೆ ನೀನು ಕರೆಯದೆ ಹೊರಡುವವರಲ್ಲ. ನನಗೂ ಅವರ ಮೇಲೆ ಸಿಟ್ಟಿದೆ ಮಗಳೇ. ನಿನ್ನ ಮದುವೆಯ ಫೋಟೋ ತೆಗೆದು ನೋಡಿದರೆ ಮೊದಲು ಆ ಗೋಡೆಯೇ ಕಾಣುತ್ತದೆ, ಸಂಕಟವಾಗುತ್ತದೆ. ಆದರೂ ಅವರಿಗೆ ಬನ್ನಿ ಎಂದು ಒಂದು ಮಾತು ಬರೆ.

ನಿನ್ನ ದಾರಿ ಕಾಯುವ ಅಮ್ಮ,
ರತ್ನಾ

ಮರೆತು ಬರೆದದ್ದು: ಮರೆತಿದ್ದೆ ಎಂದರೆ ಸುಳ್ಳಾದೀತು, ಧೈರ್ಯ ಸಾಲದೆ ಕೊನೆಗೆ ಉಳಿಸಿದೆ. ಸಂತನ ಕಣ್ಣಿದ್ದ ಚೂರಿಗಾಗಿ ನಿನ್ನ ಅತ್ತೆ ಇನ್ನೂ ಹುಲ್ಲಿನಲ್ಲಿ ಹುಡುಕುತ್ತಾರೆ ಅಂದಿದ್ದೆಯಲ್ಲ, ಅದು ಇಲ್ಲಿ ನಮ್ಮ ಮನೆಯಲ್ಲಿದೆ. ಅಂಟಿಸಿಕೊಡೋಣ ಎಂದು ಅಪ್ಪ ಕರವಸ್ತ್ರದಲ್ಲಿ ಸುತ್ತಿಟ್ಟುಕೊಂಡಿದ್ದರು. ನೀನು ಹೊರಡಿ ಅಂದಮೇಲೆ ಹೇಳದೆ ಹಾಗೇ ತಂದುಬಿಟ್ಟರು. ಭಿನ್ನವಾದ ಮೂರ್ತಿಯನ್ನು ಮನೆಯಲ್ಲಿ ಇಡಬಾರದು ಎಂದು ಕಲಿತವಳು ನಾನು. ಈಗ ದೇವರ ಗೂಡಿನಲ್ಲಿ ದಿನವೂ ಆ ಕಣ್ಣಿಗೂ ಒಂದು ಹೂ ಇಡುತ್ತೇನೆ. ಅಂಚೆಯಲ್ಲಿ ಕಳಿಸುವುದಿಲ್ಲ. ಅಪ್ಪನ ಕೈಯಿಂದಲೇ ಅತ್ತೆಗೆ ಕೊಡಿಸು.