ಉಪ್ಪಿನ ಡಬ್ಬಿಯ ಕೆಳಗಿದ್ದ ಕಾಗದ

ಎಡಪ್ಪಳ್ಳಿ, ಕೊಚ್ಚಿ
29 ಸೆಪ್ಟೆಂಬರ್ 1998

ನನ್ನ ಮುದ್ದಿನ ಅಪ್ಪಾ,

ಮಂಡಿನೋವು ಹೇಗಿದೆ? ಅಮ್ಮ ಕಾಯಿಸಿಕೊಡುವ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರಾ, ಇಲ್ಲಾ ಹಚ್ಚಿದೆ ಅಂತ ಸುಳ್ಳು ಹೇಳುತ್ತಿದ್ದೀರಾ? ನಾನಂತೂ ಎಷ್ಟು ಸುಖವಾಗಿದ್ದೇನೆಂದರೆ, ಪಕ್ಕದ ಮನೆಯ ಮೀನಿನ ವಾಸನೆಯೂ ಅಭ್ಯಾಸವಾಗಿಬಿಟ್ಟಿದೆ!

ಈಗ ಸುದ್ದಿ. ಮದುವೆಯಲ್ಲಿ ನೀವು ನಿಮ್ಮ ಅಳಿಯ ಚಿನ್ಮಯ್ ಕೆಲಸ ಮಾಡುವ ಕಂಪನಿಯ ಐವತ್ತು ಷೇರು ನನಗೆ ಕೊಟ್ಟಾಗ ಏನಂದಿರಿ, ನೆನಪಿದೆಯಾ? "ಪುಟ್ಟೀ, ಷೇರಿದ್ದೋರು ವರ್ಷಕ್ಕೊಂದ್ಸಲ ಸಭೇಲಿ ಎದ್ದು ಕೇಳ್ಬಹುದು." ಕೇಳಿಬಿಟ್ಟೆ ಅಪ್ಪಾ! ಅಡುಗೆಮನೆಯ ಶೆಲ್ಫಿಗೆ ಹಾಸಲೆಂದು ನಿಮ್ಮ ಅಳಿಯ ಆಫೀಸಿನಿಂದ ಕೈಗಾರಿಕಾ ಸಂಘದ ಹಳೆಯ ಪತ್ರಿಕೆಗಳನ್ನು ತಂದಿದ್ದರು. ಉಪ್ಪಿನ ಡಬ್ಬಿ ಇಡುವಾಗ ಒಂದು ಪಟ್ಟಿ ಕಣ್ಣಿಗೆ ಬಿತ್ತು. ಭೂಮಿ ಬಿಸಿಯಾಗದಂತೆ ಕಾರ್ಖಾನೆಗಳ ಹೊಗೆಗೆ ಮಿತಿ ಹಾಕುವ ನಿಯಮವನ್ನು ಹತ್ತು ವರ್ಷ ಮುಂದೂಡಿ ಎಂದು ದೆಹಲಿಗೆ ಮನವಿ ಕೊಟ್ಟವರ ಪಟ್ಟಿ. ಮೂರನೆಯ ಹೆಸರು ನಮ್ಮದೇ ಕಂಪನಿ! ಅಂಚೆಯಲ್ಲಿ ಬಂದ ವಾರ್ಷಿಕ ವರದಿಯಲ್ಲೋ, ಹಸಿರು ಎಲೆಯ ಚಿತ್ರದ ಕೆಳಗೆ, ಅಂಥ ನಿಯಮಗಳನ್ನು ಸ್ವಾಗತಿಸುತ್ತೇವೆ ಎಂದಿತ್ತು.

ತೋರಿಸಿದರೆ ಚಿನ್ಮಯ್ ಮುಖ ಸಪ್ಪಗಾಯಿತು. ಅವರ ಕೆಲಸ ಕಾಯಂ ಆಗಲು ಅಧ್ಯಕ್ಷರ ಸಹಿಯೊಂದು ಬಾಕಿ ಇತ್ತಲ್ಲ. ಒಂದಿಡೀ ದಿನ ಯೋಚಿಸಿ, "ಷೇರು ನಿಂದು, ಕೇಳೋದೂ ಬಿಡೋದೂ ನಿಂದೇ. ಆದ್ರೆ ಸಭೇಲಿ ಮೈಕ್ ಹಿಡಿದು ಓಡಾಡೋ ಡ್ಯೂಟಿ ನಂದು ಕಣೇ" ಎಂದರು.

ಸಭೆಯಲ್ಲಿ ಎದ್ದು, ಆ ಪಟ್ಟಿ ತೋರಿಸಿ, ದೆಹಲಿಗೆ ಬರೆದದ್ದನ್ನು ನಮಗೂ ಅಚ್ಚು ಹಾಕಿ ಕೊಡಬಾರದೇ ಎಂದು ಕೇಳಿದೆ. ನನ್ನ ಮುಂದೆ ಮೈಕ್ ಹಿಡಿದು ನಿಂತವರು ನಿಮ್ಮ ಅಳಿಯನೇ! ಅಧ್ಯಕ್ಷರು ಕನ್ನಡಕ ತೆಗೆದು, ಮಗಳೇ ಎನ್ನುವ ಹಾಗೆ, "ಮೋಳೇ, ಇದನ್ನು ನಿನಗೆ ಯಾರು ಕೊಟ್ಟರು?" ಎಂದರು. "ಉಪ್ಪಿನ ಡಬ್ಬಿಯ ಕೆಳಗಿತ್ತು ಸರ್" ಎಂದೆ. ಆಗ ಚಿನ್ಮಯ್ ಮೈಕಿಗೆ ಬಾಗಿ, "ನನ್ನ ಹೆಂಡತಿ ಸರ್. ಕಾಗದ ಮನೆಗೆ ತಂದವನು ನಾನೇ" ಅಂದುಬಿಟ್ಟರು! ಅಪ್ಪಾ, ಆ ಕ್ಷಣ ಇನ್ನೊಮ್ಮೆ ಮದುವೆಯಾಗಬೇಕು ಅನ್ನಿಸಿತು. ಸಭೆಯಲ್ಲಿ ಹಂಚುವ ಉಣ್ಣಿಯಪ್ಪದ ಸಿಹಿ ಪೊಟ್ಟಣಕ್ಕೆಂದೇ ಬಂದಿದ್ದ ಅಜ್ಜಿಯೊಬ್ಬರು, "ಉತ್ತರಂ ಪರಯೂ ಸಾರೇ!" ಎಂದು, ಅಂದರೆ ಉತ್ತರ ಹೇಳಿ ಸಾರ್ ಎಂದು, ಕೂಗಿದರು. ಸಭೆಯೆಲ್ಲ ನಗು. ಕೊನೆಗೆ ಅಧ್ಯಕ್ಷರೂ ನಕ್ಕು, ಸರ್ಕಾರಕ್ಕೆ ಬರೆದದ್ದೆಲ್ಲ ಮುಂದಿನ ವರ್ಷದಿಂದ ವರದಿಯಲ್ಲಿರುತ್ತದೆ ಎಂದು ಮಾತು ಕೊಟ್ಟರು.

ನಿನ್ನೆ ಆದೇಶ ಬಂತು: ಕೆಲಸ ಕಾಯಂ, ಆದರೆ ತಿರುವನಂತಪುರಕ್ಕೆ ವರ್ಗ. ಅಲ್ಲಿಯ ಪಟ್ಟಂ ಬಡಾವಣೆಯಲ್ಲಿ ಮನೆ ಹುಡುಕಬೇಕು. ಇದು ಬಹುಮಾನವೋ ಶಿಕ್ಷೆಯೋ ಇಬ್ಬರಿಗೂ ತಿಳಿಯಲಿಲ್ಲ. ಐಸ್‌ಕ್ರೀಂ ತಿಂದು ಬಂದೆವು.

ಅಮ್ಮನಿಗೆ ಗಟ್ಟಿಯಾದ ಅಪ್ಪುಗೆ, ನಿಮ್ಮ ಕಾಲಿಗೆ ನಮ್ಮಿಬ್ಬರ ನಮಸ್ಕಾರ, ಮಂಡಿಗೆ ಎಣ್ಣೆ.

ನಿಮ್ಮ ಪುಟ್ಟಿ,
ಸಮೀಕ್ಷಾ

ಅಯ್ಯೋ, ಮುಖ್ಯವಾದದ್ದೇ ಮರೆತೆ: ಷೇರು ಮಾರಿ ಫ್ರಿಜ್ ತಗೋ ಅಂತ ಬರೆದಿದ್ದಿರಲ್ಲ, ಫ್ರಿಜ್ ಬೇಡ ಅಪ್ಪಾ. ಷೇರಿಲ್ಲದಿದ್ದರೆ ಮುಂದಿನ ವರ್ಷ ನನ್ನನ್ನು ಬಾಗಿಲಲ್ಲೇ ತಡೆಯುತ್ತಾರೆ. ಅಧ್ಯಕ್ಷರು ಮಾತು ಕೊಟ್ಟ ಪುಟ ವರದಿಯಲ್ಲಿ ಅಚ್ಚಾಗದಿದ್ದರೆ ಯಾರು ಕೇಳಬೇಕು?